ಫೋರ್ಟ್ ಎಂಬ ಊರುಗಳು, ಊರಿಲ್ಲದ ಫೋರ್ಟ್‌ಗಳು

ಫೋನಿನಲ್ಲಿ ಫೋರ್ಟ್ ಬ್ರ್ಯಾಗ್ ಎಂದು ಹಾಕಿ ಜುಲೈ ತಿಂಗಳ ಹವಾಮಾನ ನೋಡಿ. ಒಂದು ಕಡೆ ಮಂಜು, ಸ್ವೆಟರ್ ಬೇಕೆನಿಸುವ ಚಳಿ. ಇನ್ನೊಂದು ಕಡೆ ಬೆವರಿಳಿಸುವ ಸೆಕೆ. ಫೋನ್ ಕೆಟ್ಟಿಲ್ಲ. ಮೊದಲನೆಯದು ಕ್ಯಾಲಿಫೋರ್ನಿಯಾದ ಪೆಸಿಫಿಕ್ ದಡದ ಮೇಲಿರುವ, ಸುಮಾರು ಏಳು ಸಾವಿರ ಜನರ ಪಟ್ಟಣ. ಮರದ ಕಾರ್ಖಾನೆಯಿಂದ ಬೆಳೆದು, 2002ರಲ್ಲಿ ಅದು ಮುಚ್ಚಿದ ಮೇಲೆ ಪ್ರವಾಸಿಗರನ್ನು ನೆಚ್ಚಿಕೊಂಡ ಊರು. ಎರಡನೆಯದು ನಾರ್ತ್ ಕ್ಯಾರೊಲೈನಾದಲ್ಲಿ ಸುಮಾರು ಐವತ್ತು ಸಾವಿರ ಸೈನಿಕರಿರುವ, ಪ್ಯಾರಾಚೂಟ್ ಪಡೆಗೆ ಹೆಸರಾದ ಸೇನಾ ನೆಲೆ. ಎರಡರ ನಡುವೆ ಇಡೀ ಅಮೆರಿಕ ಖಂಡ ಅಡ್ಡ ಮಲಗಿದೆ. ಎರಡಕ್ಕೂ ಮೊದಲಿಗೆ ಹೆಸರು ಕೊಟ್ಟವನು ಮಾತ್ರ ಒಬ್ಬನೇ, ಬ್ರ್ಯಾಕ್ಸ್‌ಟನ್ ಬ್ರ್ಯಾಗ್ ಎಂಬ ಫಿರಂಗಿ ದಳದ ಅಧಿಕಾರಿ.

ಇದು ಒಂದೇ ಉದಾಹರಣೆಯಾಗಿದ್ದರೆ ಕಾಕತಾಳೀಯ ಎಂದು ಬಿಡಬಹುದಿತ್ತು. ಆದರೆ ಅಮೆರಿಕದ ನಕಾಶೆ ನೋಡುತ್ತ ಹೋದಂತೆ ಒಂದು ವಿಚಿತ್ರ ಕಾಡತೊಡಗುತ್ತದೆ. ಹೆಸರಲ್ಲಿ ಫೋರ್ಟ್ ಇಟ್ಟುಕೊಂಡಿರುವ ದೊಡ್ಡ ಊರುಗಳಲ್ಲಿ ಆ ಫೋರ್ಟ್ ಇಲ್ಲ. ಫೋರ್ಟ್ ವೇನ್, ಫೋರ್ಟ್ ಲಾಡರ್‌ಡೇಲ್, ಫೋರ್ಟ್ ಕಾಲಿನ್ಸ್ ಎಲ್ಲವೂ ಹಾಗೆಯೇ. ಫೋರ್ಟ್ ವರ್ತ್‌ನಲ್ಲಿ ನೌಕಾದಳದ ಮೀಸಲು ವಿಮಾನ ನೆಲೆ ಇದೆ, ಹಳೆಯ ಸೇನಾ ಠಾಣೆ ಇಲ್ಲ. ಇತ್ತ ನಿಜವಾದ ಸೈನ್ಯ ಬೀಡುಬಿಟ್ಟಿರುವ ಊರುಗಳ ಹೆಸರಲ್ಲಿ ಫೋರ್ಟ್ ಎಂಬ ಪದವೇ ಸಿಗದು: ಫೇಯೆಟ್‌ವಿಲ್, ಕಿಲೀನ್, ಕ್ಲಾರ್ಕ್ಸ್‌ವಿಲ್, ಲಾಟನ್, ಜಂಕ್ಷನ್ ಸಿಟಿ. ಯಾಕೆ ಹೀಗೆ ಎಂಬುದಕ್ಕೆ ಉತ್ತರ ಸಿಕ್ಕರೆ ಹೆಸರಿನ ಗೊಂದಲದಲ್ಲಿ ಮುಕ್ಕಾಲು ಪಾಲು ಬಗೆಹರಿಯುತ್ತದೆ.

ದಂಡು ಎದ್ದು ಹೋಯಿತು, ಹೆಸರು ಕೂತಿತು

ಫೋರ್ಟ್ ಎಂದ ಕೂಡಲೇ ಚಿತ್ರದುರ್ಗವನ್ನು ಕಣ್ಣಮುಂದೆ ತಂದುಕೊಂಡರೆ ನಿರಾಸೆ ಖಂಡಿತ. ಹತ್ತೊಂಬತ್ತನೆಯ ಶತಮಾನದ ಗಡಿನಾಡ ಫೋರ್ಟ್ ಎಂದರೆ ಬಹಳಷ್ಟು ಕಡೆ ಗೋಡೆಯೇ ಇಲ್ಲದ ಠಾಣೆ. ನಡುವೆ ಕವಾಯತು ಮೈದಾನ, ಸುತ್ತ ಮರದ ದಿಮ್ಮಿಯ ಬ್ಯಾರಕ್ಕು, ಅಧಿಕಾರಿಗಳ ಮನೆ, ಕುದುರೆ ಲಾಯ, ಉಗ್ರಾಣ. ಒಂದೆರಡು ಕಂಪನಿ ಸೈನಿಕರು. ವಲಸಿಗರು ಪಶ್ಚಿಮಕ್ಕೆ ಸರಿದಂತೆ ಠಾಣೆಯೂ ಸರಿಯಬೇಕು, ಹಾಗಾಗಿ ಆಯಸ್ಸು ಕಡಿಮೆ. ಮೇಜರ್ ರಿಪ್ಲಿ ಆರ್ನಾಲ್ಡ್ ಟೆಕ್ಸಸ್‌ನ ಟ್ರಿನಿಟಿ ನದಿಯ ಬಳಿ ಠಾಣೆ ಹೂಡಿದ್ದು 1849ರ ಜೂನ್‌ನಲ್ಲಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಕಾಲರಾದಿಂದ ತೀರಿಕೊಂಡಿದ್ದ ಜನರಲ್ ವಿಲಿಯಂ ಜೆಂಕಿನ್ಸ್ ವರ್ತ್‌ನ ಹೆಸರಿಟ್ಟ. 1853ರ ಸೆಪ್ಟೆಂಬರ್‌ನಲ್ಲಿ ಸೈನ್ಯ ಗಂಟುಮೂಟೆ ಕಟ್ಟಿತು. ನಾಲ್ಕೇ ವರ್ಷ ಬಾಳಿದ ಠಾಣೆಯ ಹೆಸರನ್ನು ಇವತ್ತು ಹತ್ತು ಲಕ್ಷದ ಆಸುಪಾಸು ಜನರಿರುವ ನಗರ ಹೊತ್ತುಕೊಂಡಿದೆ.

ಸೈನ್ಯ ಬಿಟ್ಟು ಹೋದದ್ದನ್ನು ಊರಾಗಿಸಿದವರು ಸಾಮಾನ್ಯವಾಗಿ ಠಾಣೆಯ ಜೊತೆಗೇ ಬಂದಿದ್ದ ವ್ಯಾಪಾರಿಗಳು. ಪರವಾನಗಿ ಪಡೆದು ಸೈನಿಕರಿಗೆ ತಂಬಾಕು, ಬಟ್ಟೆ, ಸಿಹಿ, ಹೆಂಡ ಮಾರುವ ಸಟ್ಲರ್ ಎಂಬವನೊಬ್ಬ ಪ್ರತಿ ಠಾಣೆಯಲ್ಲೂ ಇರುತ್ತಿದ್ದ. ಅಯೋವಾದ ಫೋರ್ಟ್ ಡಾಡ್ಜ್‌ನಲ್ಲಿ ಇದ್ದ ವಿಲಿಯಂ ವಿಲಿಯಮ್ಸ್, 1853ರಲ್ಲಿ ಸೈನ್ಯ ಹೊರಟ ಮೇಲೆ ಕಟ್ಟಡಗಳನ್ನೂ ಜಾಗವನ್ನೂ ಕೊಂಡು, ನಿವೇಶನ ಗುರುತಿಸಿ, ತಾನೇ ಅಂಚೆಯವನಾದ. ಮನೆ ಸಿದ್ಧ, ಬಾವಿ ಸಿದ್ಧ, ಬಂಡಿ ದಾರಿ ಸಿದ್ಧ. ಹೆಸರೂ ಸರ್ಕಾರಿ ಕಾಗದದಲ್ಲಿ ಆಗಲೇ ಚಾಲ್ತಿಯಲ್ಲಿತ್ತು. ಬದಲಿಸುವ ಖರ್ಚು ಯಾರು ಮಾಡುತ್ತಾರೆ?

ಕಾನ್ಸಾಸ್‌ನ ಫೋರ್ಟ್ ಸ್ಕಾಟ್‌ನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. 1842ರ ಠಾಣೆಯನ್ನು ಸೈನ್ಯ 1853ರಲ್ಲಿ ತೊರೆದು, 1855ರಲ್ಲಿ ಕಟ್ಟಡಗಳನ್ನು ಹರಾಜಿಗೆ ಹಾಕಿತು. ಕಾನ್ಸಾಸ್ ಗುಲಾಮಗಿರಿ ಒಪ್ಪುವ ರಾಜ್ಯವಾಗಬೇಕೋ ಬೇಡವೋ ಎಂದು ಜನ ಬಡಿದಾಡುತ್ತಿದ್ದ ಕಾಲ ಅದು. ಅಧಿಕಾರಿಗಳ ಮನೆಯೊಂದು ಹೋಟೆಲಾಯಿತು, ಗುಲಾಮಗಿರಿ ವಿರೋಧಿಗಳ ಅಡ್ಡೆಯಾಗಿ ಅದಕ್ಕೆ ಫ್ರೀ ಸ್ಟೇಟ್ ಹೋಟೆಲ್ ಎಂಬ ಹೆಸರು ಬಂತು. ಅದೇ ಮೈದಾನದ ಆಚೆ ಬದಿಯ ಕಾಲಾಳು ಬ್ಯಾರಕ್ಕಿನಲ್ಲಿ ಗುಲಾಮಗಿರಿ ಪರದವರ ವೆಸ್ಟರ್ನ್ ಹೋಟೆಲ್. ನಡುವೆ ಸೈನಿಕರಿಲ್ಲದ ಕವಾಯತು ಮೈದಾನ. ಎದುರುಬದುರು ಕೂತು ಒಬ್ಬರನ್ನೊಬ್ಬರು ಕಾಯುತ್ತಿದ್ದ ಈ ಎರಡು ಹೋಟೆಲುಗಳಲ್ಲಿ ಇಳಿದುಕೊಳ್ಳುವ ಪ್ರಯಾಣಿಕ ಬಾಗಿಲು ಆರಿಸುವಾಗಲೇ ತನ್ನ ಪಕ್ಷ ಯಾವುದೆಂದು ಹೇಳಿದಂತಾಗುತ್ತಿತ್ತು. ಗಲಭೆ ಹತ್ತಿಕ್ಕಲು ಸೈನ್ಯವೇ ಮತ್ತೆ ಬರಬೇಕಾಯಿತು, ತಾನು ಮಾರಿಬಿಟ್ಟಿದ್ದ ಠಾಣೆಗೆ.

ಈಗಿನ ದೊಡ್ಡ ನೆಲೆಗಳ ಕತೆ ತಿರುಗುಮುರುಗು. ಅವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು 1917–18 ಮತ್ತು 1940–42ರ ಎರಡು ಯುದ್ಧಗಳ ಗಡಿಬಿಡಿಯಲ್ಲಿ. ತಲಾ ಮೂವತ್ತು–ನಲವತ್ತು ಸಾವಿರ ಜನರನ್ನು ತರಬೇತಿಗೆ ಸುರಿಯಬೇಕಾದರೆ ರೈಲು ಬೇಕು, ನೀರು ಬೇಕು, ಫಿರಂಗಿ ಹಾರಿಸಲು ಅಗ್ಗದ ಬಯಲು ಬೇಕು. ರೈಲು ಇದೆ ಎಂದರೆ ಅಲ್ಲಿ ಆಗಲೇ ಊರಿದೆ, ಊರಿಗೆ ಆಗಲೇ ಹೆಸರಿದೆ. ಟೆಕ್ಸಸ್‌ನ ಕಿಲೀನ್ ಎಂಬುದು ರೈಲು ಕಂಪನಿಯ ಅಧಿಕಾರಿಯೊಬ್ಬನ ಹೆಸರು. ಪಕ್ಕದಲ್ಲಿ ಫೋರ್ಟ್ ಹುಡ್ ಬಂತೆಂದು ಅದು ತನ್ನ ಹೆಸರು ಬಿಟ್ಟುಕೊಡಲಿಲ್ಲ. ಹಳೆಯ ಕಾಲದಲ್ಲಿ ಠಾಣೆ ಮೊದಲು, ಊರು ಆಮೇಲೆ. ಹೊಸ ಕಾಲದಲ್ಲಿ ಊರು ಮೊದಲು, ನೆಲೆ ಆಮೇಲೆ. ನಿಯಮ ಇಷ್ಟೇ, ಅಪವಾದಗಳೂ ಇವೆ. ಓಕ್ಲಹೋಮಾದ ಫೋರ್ಟ್ ಸಿಲ್ 1869ರದ್ದು, ಲಾಟನ್ ಊರು 1901ರದ್ದು. ಠಾಣೆ ಮುಂಚೆ ಇದ್ದರೂ ಊರು ಅದರ ಹೆಸರು ತೆಗೆದುಕೊಳ್ಳದೆ, ಫಿಲಿಪ್ಪೀನ್ಸ್‌ನಲ್ಲಿ ಸತ್ತ ಬೇರೊಬ್ಬ ಜನರಲ್ ಹೆನ್ರಿ ಲಾಟನ್‌ನ ಹೆಸರು ಇಟ್ಟುಕೊಂಡಿತು.

ಶತ್ರುವಿನ ಹೆಸರು ಬಾಗಿಲ ಮೇಲೆ

ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್‌ಗೆ ವಾಪಸ್ ಬರೋಣ. 1857ರಲ್ಲಿ ಮೆಂಡೊಸಿನೊ ಇಂಡಿಯನ್ ಮೀಸಲು ಪ್ರದೇಶದಲ್ಲಿ ಲೆಫ್ಟಿನೆಂಟ್ ಹೊರೇಶಿಯೊ ಗಿಬ್ಸನ್ ಈ ಠಾಣೆ ಕಟ್ಟಿದ. ಮೆಕ್ಸಿಕೊ ಯುದ್ಧದಲ್ಲಿ ಹೆಸರು ಮಾಡಿದ್ದ ತನ್ನ ಹಿಂದಿನ ಮೇಲಧಿಕಾರಿಯ ಹೆಸರಿಟ್ಟ. ನಾಲ್ಕು ವರ್ಷ ಕಳೆಯುವುದರಲ್ಲಿ ಅಂತರ್ಯುದ್ಧ ಶುರು: ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳು ಒಂದು ಕಡೆ, ಅಮೆರಿಕ ಸರ್ಕಾರದ ಪರ ನಿಂತ ಉತ್ತರ ಇನ್ನೊಂದು ಕಡೆ. ಬ್ರ್ಯಾಗ್ ದಕ್ಷಿಣದ ಕಡೆ ಸೇರಿ, ಟೆನೆಸ್ಸಿ ಸೇನೆಯ ದಂಡನಾಯಕನಾಗಿ, 1863ರಲ್ಲಿ ಚಿಕಮಾಗಾದಲ್ಲಿ ಉತ್ತರದವರನ್ನು ಸೋಲಿಸಿದ. ಅದೇ ಹೊತ್ತಿನಲ್ಲಿ ಪೆಸಿಫಿಕ್ ದಡದಲ್ಲಿ ಉತ್ತರದ ಸೈನಿಕರು ಫೋರ್ಟ್ ಬ್ರ್ಯಾಗ್ ಎಂಬ ಠಾಣೆಯಲ್ಲಿ ಕಾವಲು ಕಾಯುತ್ತ, ಅದೇ ಹೆಸರಿನ ತಲೆಬರಹ ಹಾಕಿ ವರದಿ ಕಳಿಸುತ್ತಿದ್ದರು. 1864ರಲ್ಲಿ ಠಾಣೆ ಮುಚ್ಚುವವರೆಗೂ ಹೀಗೇ ನಡೆಯಿತು.

ಫ್ಲಾರಿಡಾದಲ್ಲೂ ಅಂಥದ್ದೇ. ಫೋರ್ಟ್ ಮೈಯರ್ಸ್‌ಗೆ 1850ರಲ್ಲಿ ಆ ಹೆಸರು ಬಂದದ್ದು ಜನರಲ್ ಟ್ವಿಗ್ಸ್‌ನ ಅಳಿಯ ಏಬ್ರಹಾಂ ಮೈಯರ್ಸ್‌ನಿಂದ. ಆತ ಮುಂದೆ ದಕ್ಷಿಣದ ಸೇನೆಗೆ ಬಟ್ಟೆಬರೆ, ಬಂಡಿ, ಬೂಟು ಒದಗಿಸುವ ಕ್ವಾರ್ಟರ್‌ಮಾಸ್ಟರ್ ಜನರಲ್ ಆದ. 1864ರ ಜನವರಿಯಲ್ಲಿ ಉತ್ತರದ ಪಡೆ ಬಂದು ಪಾಳುಬಿದ್ದಿದ್ದ ಆ ಠಾಣೆಯನ್ನು ಮತ್ತೆ ಹಿಡಿಯಿತು. ದಕ್ಷಿಣದವರಿಗೆ ಮಾಂಸವಾಗಬೇಕಿದ್ದ ದನಗಳನ್ನು ಅಟ್ಟಿಕೊಂಡು ಬರುವುದು ಅದರ ಕೆಲಸ. ಕಪ್ಪು ಸೈನಿಕರ ತುಕಡಿಯೂ ಅಲ್ಲಿತ್ತು. ಇಷ್ಟೆಲ್ಲ ನಡೆದದ್ದು ಶತ್ರು ಅಧಿಕಾರಿಯ ಹೆಸರಿನಡಿಯಲ್ಲೇ. ಹೆಸರಿನ ಬಗ್ಗೆ ನಾವು ಈಗ ಮಾಡುವಷ್ಟು ಜಗಳವನ್ನು, ಆ ಹೆಸರಿನವನ ಜೊತೆ ನಿಜವಾಗಿ ಕಾದಾಡುತ್ತಿದ್ದವರು ಮಾಡಲಿಲ್ಲ.

ಇನ್ನು ವರ್ಜೀನಿಯಾದ ಫೋರ್ಟ್ ಮೈಯರ್. ಕೊನೆಯ ಒಂದಕ್ಷರ ಬಿಟ್ಟರೆ ಅದೇ ಹೆಸರು, ಆದರೆ ಮನುಷ್ಯ ಬೇರೆ, ಪಕ್ಷವೂ ಬೇರೆ. ಉತ್ತರದ ಸೇನೆಯ ಸಿಗ್ನಲ್ ದಳ ಕಟ್ಟಿದ ಆಲ್ಬರ್ಟ್ ಮೈಯರ್‌ನ ನೆನಪಿಗೆ 1881ರಲ್ಲಿ ಇಟ್ಟದ್ದು. 1908ರ ಸೆಪ್ಟೆಂಬರ್ 17ರಂದು ಆರ್ವಿಲ್ ರೈಟ್‌ನ ವಿಮಾನ ಬಿದ್ದು ಲೆಫ್ಟಿನೆಂಟ್ ಥಾಮಸ್ ಸೆಲ್ಫ್‌ರಿಜ್ ಸತ್ತದ್ದು ಇಲ್ಲಿ, ವಾಷಿಂಗ್ಟನ್ ಪಕ್ಕದಲ್ಲಿ. ಫ್ಲಾರಿಡಾದ ಬೀಚಿನಲ್ಲಲ್ಲ.

ಮೀಡ್ ಎಷ್ಟು, ಲೀ ಎಷ್ಟು

ಒಬ್ಬನೇ ಮನುಷ್ಯ ಹಲವು ಕಡೆ ಇರುವುದಕ್ಕೆ ಜಾರ್ಜ್ ಮೀಡ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಗೆಟಿಸ್‌ಬರ್ಗ್ ಗೆದ್ದ ಜನರಲ್ ಎಂದು ಚರಿತ್ರೆ ಅವನನ್ನು ಬಲ್ಲದು. ಆದರೆ ಫ್ಲಾರಿಡಾದ ಫೋರ್ಟ್ ಮೀಡ್ ಊರಿಗೆ ಹೆಸರು ಬಂದಾಗ ಅವನಿನ್ನೂ ಭೂಮಾಪನ ಮಾಡುತ್ತಿದ್ದ ಲೆಫ್ಟಿನೆಂಟ್. ಸೌತ್ ಡಕೋಟಾದ ಫೋರ್ಟ್ ಮೀಡ್ 1878ರದ್ದು, ಏಳನೆಯ ಅಶ್ವದಳ ಇದ್ದ ಠಾಣೆ, ಈಗ ಅಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆ ಇದೆ. 1898ರ ಸ್ಪೇನ್ ಯುದ್ಧದಲ್ಲಿ ಪೆನ್ಸಿಲ್ವೇನಿಯಾದ ಮಿಡಲ್‌ಟೌನ್ ಬಳಿ ತಾತ್ಕಾಲಿಕವಾಗಿ ಒಂದು ಕ್ಯಾಂಪ್ ಮೀಡ್ ಇತ್ತು. ಕೊನೆಯದು 1917ರ ಮೇರಿಲ್ಯಾಂಡ್ ನೆಲೆ, ಈಗ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕಚೇರಿ ಇರುವ ಜಾಗ. ಪತ್ರಿಕೆಗಳಲ್ಲಿ ಬರೀ ಫೋರ್ಟ್ ಮೀಡ್ ಎಂದರೆ ಇದೇ.

ಈ ಮೇರಿಲ್ಯಾಂಡ್ ನೆಲೆಯ ಪೂರ್ಣ ಹೆಸರು ಫೋರ್ಟ್ ಜಾರ್ಜ್ ಜಿ. ಮೀಡ್. ಆ ಉದ್ದದ ಹೆಸರಿನ ಹಿಂದೆ ಒಂದು ತಗಾದೆ ಇದೆ. 1928ರಲ್ಲಿ ಸೇನೆ ಅದಕ್ಕೆ ಇನ್ನೊಬ್ಬ ಜನರಲ್‌ನ ಹೆಸರಲ್ಲಿ ಫೋರ್ಟ್ ಲೆನರ್ಡ್ ವುಡ್ ಎಂದು ಮರುನಾಮಕರಣ ಮಾಡಿತು. ಮೀಡ್ ಪೆನ್ಸಿಲ್ವೇನಿಯಾದವರ ಹೆಮ್ಮೆ. ಅವರು ಸುಮ್ಮನಿರಲಿಲ್ಲ, ಆ ರಾಜ್ಯದ ಸಂಸದರೊಬ್ಬರು ಸೇನೆಗೆ ಹಣ ಮಂಜೂರು ಮಾಡುವ ಮಸೂದೆಗೇ ಒಂದು ಸಾಲು ಪೋಣಿಸಿದರು. ಸಂಬಳ ಬೇಕಾದರೆ ಹೆಸರು ವಾಪಸ್ ಕೊಡಿ ಎಂದಂತೆ. 1929ರ ಮಾರ್ಚ್‌ನಲ್ಲಿ ಮೀಡ್ ಮರಳಿ ಬಂದ, ಈ ಬಾರಿ ಯಾರೂ ಅನುಮಾನಪಡದಂತೆ ಪೂರ್ಣ ಹೆಸರಿನೊಂದಿಗೆ. ಲೆನರ್ಡ್ ವುಡ್‌ಗೆ ಜಾಗ ಸಿಕ್ಕಿದ್ದು ಹತ್ತು ವರ್ಷಕ್ಕೂ ಹೆಚ್ಚು ಕಾದ ಮೇಲೆ, ಮಿಸ್ಸೂರಿಯಲ್ಲಿ. ಹಾಗಾಗಿ 1928ರ ಕಾಗದದಲ್ಲಿ ಫೋರ್ಟ್ ಲೆನರ್ಡ್ ವುಡ್ ಎಂದಿದ್ದರೆ ಅದು ಮೇರಿಲ್ಯಾಂಡ್, 1941ರದ್ದಾದರೆ ಮಿಸ್ಸೂರಿ.

ಲೀ ಎಂಬ ಹೆಸರಿನದು ಇದಕ್ಕೆ ವಿರುದ್ಧದ ತೊಡಕು: ಹೆಸರು ಒಂದು, ಮನುಷ್ಯರು ಮೂವರು. ನ್ಯೂಜೆರ್ಸಿಯ ಕನ್ನಡಿಗರಿಗೆ ಫೋರ್ಟ್ ಲೀ ಎಂದರೆ ಜಾರ್ಜ್ ವಾಷಿಂಗ್ಟನ್ ಸೇತುವೆಯ ಟ್ರಾಫಿಕ್ಕು. ಅಲ್ಲಿನ ಲೀ, ಅಂತರ್ಯುದ್ಧದಲ್ಲಿ ದಕ್ಷಿಣದ ಜನರಲ್ ಆಗಿದ್ದ ರಾಬರ್ಟ್ ಇ. ಲೀ ಅಲ್ಲವೇ ಅಲ್ಲ. ಸ್ವಾತಂತ್ರ್ಯ ಯುದ್ಧದ ಜನರಲ್ ಚಾರ್ಲ್ಸ್ ಲೀ, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪರ ನಿಂತು, ಕೊನೆಗೆ ಕೋರ್ಟ್ ಮಾರ್ಷಲ್‌ಗೆ ಗುರಿಯಾದವನು. 1776ರ ನವೆಂಬರ್ 20ರಂದು ಬ್ರಿಟಿಷರು ಹಡ್ಸನ್ ನದಿ ದಾಟಿ, ಕಡಿದಾದ ಬಂಡೆ ಹತ್ತಿ ಈ ಕೋಟೆಯನ್ನು ಹಿಡಿದರು. ವಾಷಿಂಗ್ಟನ್‌ನ ಸೈನ್ಯ ಡೇರೆ, ಫಿರಂಗಿ, ಒಲೆಯ ಮೇಲಿನ ಪಾತ್ರೆ ಎಲ್ಲ ಬಿಟ್ಟು ಓಡಿತು. ಆ ದಾಳಿಯ ಮುಂದಾಳು ನಮಗೆ ಚೆನ್ನಾಗಿ ಗೊತ್ತಿರುವವನೇ: ಹದಿನೈದು ವರ್ಷದ ಬಳಿಕ, 1791ರ ಮಾರ್ಚ್‌ನಲ್ಲಿ, ಟಿಪ್ಪುವಿನಿಂದ ಬೆಂಗಳೂರು ಕೋಟೆ ಕಸಿದುಕೊಂಡ ಕಾರ್ನ್‌ವಾಲಿಸ್. ವರ್ಜೀನಿಯಾದ ಪೀಟರ್ಸ್‌ಬರ್ಗ್ ಪಕ್ಕದ ಫೋರ್ಟ್ ಲೀ ಮಾತ್ರ 1917ರಲ್ಲಿ ರಾಬರ್ಟ್ ಇ. ಲೀ ಹೆಸರಲ್ಲಿ ಶುರುವಾದದ್ದು. ಮೂರನೆಯ ಲೀ ಯಾರೆಂದು ಮುಂದೆ ಬರುತ್ತದೆ.

ಡಾಡ್ಜ್‌ಗಳೂ ಕಾಡುತ್ತವೆ. ಅಯೋವಾದ ಫೋರ್ಟ್ ಡಾಡ್ಜ್ ಊರು ಸೆನೆಟರ್ ಹೆನ್ರಿ ಡಾಡ್ಜ್‌ನದು. ಅದೇ ರಾಜ್ಯದಲ್ಲಿ, ಡಿಮಾಯ್ನ್ ಪಕ್ಕದ ಕ್ಯಾಂಪ್ ಡಾಡ್ಜ್ ರೈಲು ಎಂಜಿನಿಯರೂ ಜನರಲ್ಲೂ ಆಗಿದ್ದ ಗ್ರೆನ್‌ವಿಲ್ ಡಾಡ್ಜ್‌ನದು. ಎರಡರ ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇವೆರಡೂ ಅಲ್ಲದೆ ಕಾನ್ಸಾಸ್‌ನಲ್ಲಿ 1865ರ ಮತ್ತೊಂದು ಫೋರ್ಟ್ ಡಾಡ್ಜ್ ಇದೆ. ಅದರ ಪಕ್ಕ ಬೆಳೆದ ಊರನ್ನು ಮೊದಲು ಬಫಲೋ ಸಿಟಿ ಎಂದು ಕರೆದರು. ಆದರೆ ಒಂದೇ ರಾಜ್ಯದಲ್ಲಿ ಒಂದೇ ಹೆಸರಿನ ಎರಡು ಅಂಚೆ ಕಚೇರಿ ಇರುವಂತಿರಲಿಲ್ಲ, ಕಾನ್ಸಾಸ್‌ನಲ್ಲಿ ಆ ಹೆಸರು ಆಗಲೇ ಖರ್ಚಾಗಿತ್ತು. ಹೀಗೆ ಹುಟ್ಟಿದ್ದು ಕೌಬಾಯ್ ಸಿನಿಮಾಗಳ ಡಾಡ್ಜ್ ಸಿಟಿ. ಈ ಅಂಚೆ ನಿಯಮವೇ ಗೊಂದಲದ ಎಲ್ಲೆಯನ್ನೂ ಗುರುತಿಸುತ್ತದೆ. ರಾಜ್ಯದೊಳಗೆ ಹೆಸರು ಒಂದೇ, ರಾಜ್ಯ ದಾಟಿದರೆ ಎಷ್ಟು ಬೇಕಾದರೂ.

ಕಾನ್ಸಾಸ್‌ನದೇ ಲೆವನ್‌ವರ್ತ್‌ನಲ್ಲಿ ಊರೂ ನೆಲೆಯೂ ಅಕ್ಕಪಕ್ಕ, ಹೆಸರೂ ಒಂದೇ, ಆದರೂ ಜನ ಎಡವುತ್ತಾರೆ. ಕಾರಣ ಜೈಲು. ಫೋರ್ಟ್ ಲೆವನ್‌ವರ್ತ್ ಒಳಗಿರುವುದು ಸೈನಿಕ ಅಪರಾಧಿಗಳ ಡಿಸಿಪ್ಲಿನರಿ ಬ್ಯಾರಕ್ಸ್. ನೆಲೆಯ ಹೊರಗೆ ಊರಿನಲ್ಲಿರುವುದು ಕೇಂದ್ರ ಸರ್ಕಾರದ ನಾಗರಿಕ ಕಾರಾಗೃಹ. ಪಕ್ಕದ ಲ್ಯಾನ್ಸಿಂಗ್‌ನಲ್ಲಿ ಕಾನ್ಸಾಸ್ ರಾಜ್ಯದ್ದು ಮತ್ತೊಂದು. ‘ಲೆವನ್‌ವರ್ತ್‌ಗೆ ಹಾಕಿದರು’ ಎಂದು ಎಲ್ಲಾದರೂ ಓದಿದರೆ, ಆ ಮನುಷ್ಯ ಸಮವಸ್ತ್ರದಲ್ಲಿದ್ದನೇ ಎಂದು ಮೊದಲು ಕೇಳಿಕೊಳ್ಳಬೇಕು.

ಆದೇಶದಿಂದ ಬಂದದ್ದು ಆದೇಶದಿಂದ ಹೋಗುತ್ತದೆ

ಅಮೆರಿಕದ ಸೇನೆ ತನ್ನ ವಿರುದ್ಧ ಬಂದೂಕು ಹಿಡಿದವರ ಹೆಸರನ್ನು ಯಾಕಿಟ್ಟಿತು? 1917ರಲ್ಲಿ 32 ತರಬೇತಿ ಶಿಬಿರಗಳಿಗೆ ಒಟ್ಟಿಗೆ ಹೆಸರು ಬೇಕಾಯಿತು. ಆಗಿನ ಸೂಚನೆಗಳು ಬಲು ಕಾರಕೂನಿಕೆಯವು: ಶಿಬಿರಕ್ಕೆ ಬರುವ ಪಡೆಯ ಸೀಮೆಯವನ ಹೆಸರಿರಲಿ, ಸುತ್ತಲಿನ ಜನಕ್ಕೆ ಬೇಡದವನದ್ದು ಬೇಡ, ಬರೆಯಲು ಅನುಕೂಲವಾಗುವಂತೆ ಚಿಕ್ಕದಿರಲಿ. ದಕ್ಷಿಣದ ಊರುಗಳ ಸಹಕಾರ, ಜಮೀನು ಎರಡೂ ಬೇಕಿದ್ದ ಹೊತ್ತು. ಲೀ, ಗಾರ್ಡನ್, ಮರುವರ್ಷ ಬಂದ ಬ್ರ್ಯಾಗ್ ಎಲ್ಲವೂ ಚಿಕ್ಕವು, ಸ್ಥಳೀಯರಿಗೆ ಪ್ರಿಯವಾದವು. ಗುಲಾಮರ ಮೊಮ್ಮಕ್ಕಳೂ ಅದೇ ಶಿಬಿರಗಳಿಗೆ ಬರುತ್ತಾರೆ ಎಂಬುದು ಲೆಕ್ಕಕ್ಕೇ ಬರಲಿಲ್ಲ. ನನ್ನ ಮಟ್ಟಿಗೆ ಆ ಸೂಚನೆಯ ನಿಜವಾದ ಕುರುಡು ಇದೇ.

2021ರ ಜನವರಿ 1ರಂದು ಅಮೆರಿಕದ ಸಂಸತ್ತು ಅಧ್ಯಕ್ಷ ಟ್ರಂಪ್ ಅವರ ವೀಟೊವನ್ನು ಮೀರಿ ಪಾಸು ಮಾಡಿದ ಕಾನೂನು, ದಕ್ಷಿಣದ ಸೇನೆಯವರ ಹೆಸರುಗಳನ್ನು ತೆಗೆಯಲು ಆಯೋಗವೊಂದನ್ನು ನೇಮಿಸಿತು. ಒಂಬತ್ತು ನೆಲೆಗಳ ಹೆಸರು 2023ರಲ್ಲಿ ಬದಲಾಯಿತು. ಬ್ರ್ಯಾಗ್ ಹೋಗಿ ಲಿಬರ್ಟಿ, ಬೆನಿಂಗ್ ಹೋಗಿ ಮೂರ್, ಹುಡ್ ಹೋಗಿ ಕವಾಸೋಸ್, ಗಾರ್ಡನ್ ಹೋಗಿ ಐಸೆನ್‌ಹೋವರ್, ಲೀ ಹೋಗಿ ಗ್ರೆಗ್–ಆಡಮ್ಸ್. ಆಯೋಗದ ಅಂದಾಜಿನ ಪ್ರಕಾರ ಒಂಬತ್ತಕ್ಕೂ ಸೇರಿ ಖರ್ಚು ಸುಮಾರು 2.1 ಕೋಟಿ ಡಾಲರ್. ಹೆಬ್ಬಾಗಿಲ ಫಲಕ, ಹೆದ್ದಾರಿ ಸೂಚನೆ, ವಾಹನಗಳ ಮೇಲಿನ ಬರಹ, ನೀರಿನ ಟ್ಯಾಂಕು, ಲೆಟರ್‌ಹೆಡ್ಡು, ಕಂಪ್ಯೂಟರಿನ ದಾಖಲೆ. ಸೇನೆಯ ಬೇಲಿಯಾಚೆಗೆ ಆಯೋಗದ ಕೈ ಚಾಚಲಿಲ್ಲ. ನಾರ್ತ್ ಕ್ಯಾರೊಲೈನಾ ನೆಲೆಯ ಪಕ್ಕದ ಊರು ಫೇಯೆಟ್‌ವಿಲ್‌ನ ಬ್ರ್ಯಾಗ್ ಬುಲೆವಾರ್ಡ್ ಎಂಬ ರಸ್ತೆ ಹಾಗೇ ಉಳಿಯಿತು, ಕ್ಯಾಲಿಫೋರ್ನಿಯಾದ ಊರೂ ಅಷ್ಟೇ.

2025ರಲ್ಲಿ ಗಾಳಿ ತಿರುಗಿತು. ಆದರೆ ಕಾನೂನು ಇನ್ನೂ ಇತ್ತು, ಹಳೆಯ ಜನರಲ್‌ಗಳ ಹೆಸರನ್ನು ನೇರವಾಗಿ ತರುವಂತಿರಲಿಲ್ಲ. ಆಗ ಅದೇ ಅಡ್ಡಹೆಸರಿನ ಬೇರೆ ಸೈನಿಕರನ್ನು ಹುಡುಕಿದರು. ಫೆಬ್ರವರಿಯಲ್ಲಿ ಮರಳಿದ ಬ್ರ್ಯಾಗ್, ಎರಡನೆಯ ಮಹಾಯುದ್ಧದಲ್ಲಿ ಸಿಲ್ವರ್ ಸ್ಟಾರ್ ಪದಕ ಪಡೆದ ಸಾಮಾನ್ಯ ಸೈನಿಕ ರೋಲಂಡ್ ಬ್ರ್ಯಾಗ್. ವರ್ಜೀನಿಯಾದ ಹೊಸ ಲೀ, 1898ರಲ್ಲಿ ಕ್ಯೂಬಾದಲ್ಲಿ ಮೆಡಲ್ ಆಫ್ ಆನರ್ ಗಳಿಸಿದ ಕಪ್ಪು ಸೈನಿಕ ಫಿಟ್ಜ್ ಲೀ. ಹೊಸ ಗಾರ್ಡನ್, 1993ರಲ್ಲಿ ಸೊಮಾಲಿಯಾದಲ್ಲಿ ಮಡಿದ ಗ್ಯಾರಿ ಗಾರ್ಡನ್. ದಕ್ಷಿಣದ ಜನರಲ್‌ನ ಹೆಸರಿದ್ದ ವರ್ಜೀನಿಯಾದ ಫೋರ್ಟ್ ಎ.ಪಿ. ಹಿಲ್‌ಗೆ ಮಾತ್ರ ಒಬ್ಬ ಸಾಲದಾಗಿ ಆಂಡರ್ಸನ್, ಪಿನ್, ಹಿಲ್ ಎಂಬ ಮೂವರನ್ನು ಸಾಲಾಗಿ ನಿಲ್ಲಿಸಿ ಎ, ಪಿ, ಹಿಲ್ ಕೂಡಿಸಬೇಕಾಯಿತು. ಈ ಮೂವರೂ ಅಂತರ್ಯುದ್ಧದಲ್ಲಿ ಎ.ಪಿ. ಹಿಲ್ ಇದ್ದ ಪಕ್ಷದ ಎದುರು ನಿಂತು ಹೋರಾಡಿದವರು. ಜಾಣತನ ಅನ್ನಿ, ಕಿಡಿಗೇಡಿತನ ಅನ್ನಿ, ಫಲಕ ಮಾತ್ರ ಮೊದಲಿನಂತೆಯೇ ಓದಿಸಿಕೊಳ್ಳುತ್ತದೆ.

ಹಳೆಯ ಕಾಗದ ಕೈಗೆ ಬಂದರೆ

ಪತ್ರದಲ್ಲೋ ಫೋಟೊ ಹಿಂದೆಯೋ ಫೋರ್ಟ್ ಇಂಥದ್ದು ಎಂದಷ್ಟೇ ಇದ್ದರೆ ಮೊದಲು ಇಸವಿ ನೋಡಬೇಕು. ಖಾಯಂ ಠಾಣೆ ಫೋರ್ಟ್, ತಾತ್ಕಾಲಿಕ ಠಾಣೆ ಕ್ಯಾಂಪ್ ಎಂದು ಸೇನೆ ಆದೇಶಿಸಿದ್ದು 1878ರಲ್ಲಿ. ಅದಕ್ಕೂ ಹಿಂದಿನ ಕಾಗದದಲ್ಲಿ ಈ ಎರಡು ಪದಗಳನ್ನು ನಂಬಿ ಕೂರುವಂತಿಲ್ಲ. 1917ರ ಆಚೆಗೆ ಒಂದು ಅಪಾಯವಿದೆ, ಕ್ಯಾಂಪುಗಳು ಹೆಸರು ಸಮೇತ ಜಾಗ ಬದಲಿಸುತ್ತವೆ. ಮೊದಲ ಯುದ್ಧದ ಕ್ಯಾಂಪ್ ಗಾರ್ಡನ್ ಇದ್ದದ್ದು ಜಾರ್ಜಿಯಾದ ಅಟ್ಲಾಂಟಾ ಬಳಿ, ಎರಡನೆಯ ಯುದ್ಧದ್ದು ಅದೇ ರಾಜ್ಯದ ಆಗಸ್ಟಾ ಬಳಿ. ಕ್ಯಾಂಪ್ ಬೋವಿ 1917ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿತ್ತು, ಎರಡನೆಯ ಯುದ್ಧದ ಹೊತ್ತಿಗೆ ಬ್ರೌನ್‌ವುಡ್‌ನಲ್ಲಿ. ರಾಜ್ಯದ ಹೆಸರು ಸರಿಯಿದ್ದರೂ ಊರು ತಪ್ಪುವುದು ಹೀಗೆ.

ಆಮೇಲೆ ರಾಜ್ಯದ ಸಂಕ್ಷೇಪ. ಡಿ.ಟಿ. ಎಂದರೆ ಡಕೋಟಾ ಟೆರಿಟರಿ, ಐ.ಟಿ. ಎಂದರೆ ಇಂಡಿಯನ್ ಟೆರಿಟರಿ, ಅಂದರೆ ಈಗಿನ ಓಕ್ಲಹೋಮಾದ ಭಾಗ. ಕ್ಯಾಲಿಫೋರ್ನಿಯಾ, ಕೊಲರಾಡೊ ಎರಡನ್ನೂ ಇಂಗ್ಲಿಷಿನಲ್ಲಿ ಮೂರಕ್ಷರಕ್ಕೆ ಇಳಿಸಿದರೆ ನಡುವಿನ ಒಂದಕ್ಷರವಷ್ಟೇ ಬೇರೆ. ಕೂಡುಬರಹದಲ್ಲಿ ಅದೂ ಒಂದೇ ಥರ ಕಾಣುತ್ತದೆ. ಅಂಥಲ್ಲಿ ಕೈಹಿಡಿಯುವುದು ರೆಜಿಮೆಂಟಿನ ಸಂಖ್ಯೆ. ಪ್ರತಿ ಠಾಣೆಯೂ ತಿಂಗಳಿಗೊಮ್ಮೆ ಕಳಿಸುತ್ತಿದ್ದ ವರದಿಗಳು, 1800ರಿಂದ 1916ರವರೆಗಿನವು, ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಎಂ617 ಎಂಬ ಮೈಕ್ರೋಫಿಲ್ಮ್ ಸರಣಿಯಾಗಿವೆ. ಯಾವ ತಿಂಗಳು ಯಾವ ದಳ ಎಲ್ಲಿತ್ತು, ಎಷ್ಟು ಜನ ಹಾಜರು, ಎಷ್ಟು ಜನ ಕಾಯಿಲೆ, ಎಷ್ಟು ಜನ ಬಂಧನದಲ್ಲಿ ಎಂಬುದು ಅದರಲ್ಲಿದೆ. ಅಧಿಕಾರಿಗಳ ಹೆಸರು ಸಿಗುತ್ತದೆ, ಸಾಮಾನ್ಯ ಸೈನಿಕರದ್ದು ಹೆಚ್ಚಾಗಿ ಸಿಗದು. ಅವರಿಗೆ ಎಂ233 ಎಂಬ ಸೇರ್ಪಡೆ ದಾಖಲೆ ನೋಡಬೇಕು, ಅದು 1914ಕ್ಕೆ ನಿಲ್ಲುತ್ತದೆ. 1912ರಿಂದ 1960ರ ನಡುವೆ ಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು 80 ಶೇಕಡಾ 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಬೆಂಕಿಯಲ್ಲಿ ಸುಟ್ಟುಹೋದವು. ಅವರ ಮಟ್ಟಿಗೆ ಬಿಡುಗಡೆ ಪತ್ರದ ಮೇಲಿರುವ ಊರಿನ ಹೆಸರೇ ಒಮ್ಮೊಮ್ಮೆ ಉಳಿದಿರುವ ಏಕೈಕ ಸುಳಿವು.

ಇವತ್ತಿನ ವಿಳಾಸಕ್ಕಾದರೆ ಜಿಪ್ ಕೋಡ್, ಅಂದರೆ ಅಲ್ಲಿನ ಪಿನ್ ಕೋಡ್, ಸಾಕು. ಫೋರ್ಟ್ ಮೀಡ್ 20755 ಎಂದರೆ ಮೇರಿಲ್ಯಾಂಡ್, 33841 ಎಂದರೆ ಫ್ಲಾರಿಡಾ, 57741 ಎಂದರೆ ಸೌತ್ ಡಕೋಟಾ. ಫೋರ್ಟ್ ಲೀ 07024 ನ್ಯೂಜೆರ್ಸಿ, 23801 ವರ್ಜೀನಿಯಾ. ಆನ್‌ಲೈನ್ ಫಾರ್ಮಿನಲ್ಲಿ ಊರಿನ ಹೆಸರು ಮೊದಲು ಆರಿಸಿದರೆ ತಪ್ಪು ರಾಜ್ಯ ಬಂದು ಕೂರುವ ಸಾಧ್ಯತೆ ಉಂಟು, ಕೋಡ್ ಮೊದಲು ತುಂಬಿ ಊರು ತಾನಾಗಿ ಬರಲಿ ಎಂದು ಬಿಡುವುದು ಮೇಲು. ಫೋರ್ಟ್ ಕ್ಯಾಂಬೆಲ್‌ನ ಹೆಚ್ಚು ನೆಲ ಟೆನೆಸ್ಸಿಯಲ್ಲಿದ್ದರೂ ಅಂಚೆ ಕಚೇರಿ ಕೆಂಟಕಿ ಬದಿಯಲ್ಲಿದೆ, ಹಾಗಾಗಿ ವಿಳಾಸ ಕೆಂಟಕಿಯದ್ದೇ. 2023ರ ಮೇ ತಿಂಗಳಿಂದ 2025ರ ಮಾರ್ಚ್ ನಡುವೆ ಜಾರ್ಜಿಯಾದಲ್ಲಿ ಕಾಲಾಳು ತರಬೇತಿ ಮುಗಿಸಿದವರ ಪ್ರಮಾಣಪತ್ರದಲ್ಲಿ ಫೋರ್ಟ್ ಮೂರ್ ಎಂದಿರುತ್ತದೆ, ನಕಾಶೆಯಲ್ಲಿ ಆ ಹೆಸರು ಈಗ ಇಲ್ಲ. ಅಂಥ ಕಾಗದ ಇಟ್ಟುಕೊಂಡವರು ಪಕ್ಕದಲ್ಲಿ ಪೆನ್ಸಿಲಿನಿಂದ ಬೆನಿಂಗ್, ಕೊಲಂಬಸ್, ಜಾರ್ಜಿಯಾ ಎಂದು ಈಗಲೇ ಬರೆದಿಡುವುದು ಒಳ್ಳೆಯದು.